ಗಾಜಿನ ಆಚೆ ಅತ್ತೆ

ಇದನ್ನು ಹೇಳುವ ಅಧಿಕಾರ ನನಗಿಲ್ಲ ಎಂಬುದು ನನಗೆ ಗೊತ್ತು. ನಾನು ಮಸಾಕದ ಆಸ್ಪತ್ರೆಯಲ್ಲಿ ಸ್ಕ್ಯಾನ್ ವಿಭಾಗದ ಬಾಗಿಲಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವವನು. ಸಂಜೆ ತರಗತಿಗಳಲ್ಲಿ ಓದಿ, ಎರಡನೆಯ ಸಲಕ್ಕೆ ಪಾಸಾದವನು. ಎದೆಯೊಳಗೆ ಏನೇನಿದೆ ಎಂಬುದನ್ನು ಅಲ್ಲಿ ಯಂತ್ರ ನಡೆಸುವ ಬುಕೆನ್ಯ ವಿವರಿಸಿದಷ್ಟೇ ಬಲ್ಲೆ. ಇನ್ನೊಬ್ಬನ ಅತ್ತೆಯ ವಿಷಯವನ್ನು ಬಾಯಿಗೆ ತರುವುದು ನಮ್ಮ ಕಡೆ ಮರ್ಯಾದಸ್ಥರ ಲಕ್ಷಣವೂ ಅಲ್ಲ. ಬುಕೆನ್ಯ ತಾನಾಗಿ ಹೇಳಿದ್ದು ಅರ್ಧ, ಅವನ ಮುಖ ನೋಡಿ ನಾನು ತಿಳಿದದ್ದು ಅರ್ಧ. ತಪ್ಪಿದ್ದರೆ ಅದು ಎರಡನೆಯ ಅರ್ಧದ್ದು. ಅದಕ್ಕೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ರೆಮಿಜಿಯಸ್ ಬುಕೆನ್ಯ ದಪ್ಪ ಗಾಜಿನ ಈಚೆ ಕೂತು ಆಚೆ ಕೋಣೆಯ ಬಿಳಿ ಯಂತ್ರವನ್ನು ನೋಡುತ್ತಿದ್ದ. ಅದು ಬಂದು ಎಂಟು ತಿಂಗಳಾಗಿದ್ದರೂ ಅವನಿಗೆ ನೋಡಿ ಸಾಕಾಗಿರಲಿಲ್ಲ. ಹಳೆಯ ಸಿ.ಟಿ. ಯಂತ್ರ ದಪ್ಪಗಿದ್ದವರಿಗೂ ಸಣಕಲರಿಗೂ ಮದುವೆಮನೆಯ ಸೌಟಿನ ಹಾಗೆ ಒಂದೇ ಅಳತೆಯ ವಿಕಿರಣ ಬಡಿಸುತ್ತಿತ್ತು. ಇದು ದರ್ಜಿಯ ಹಾಗೆ. ಚಾವಣಿಯಲ್ಲೊಂದು ಕ್ಯಾಮೆರಾ ಇದೆ. ಮಲಗಿದವರ ಮೈಯನ್ನು ಮೇಲಿನಿಂದ ನೋಡಿ, ಎಷ್ಟು ಅಗಲ, ಎಷ್ಟು ದಪ್ಪ, ನಡು ಎಲ್ಲಿ ಎಂದು ಅಳೆದು, ಮೇಜನ್ನು ತಾನೇ ಏರಿಸಿ ಇಳಿಸಿ, ಬೇಕಾದಷ್ಟೇ ಕೊಡುತ್ತದೆ. ಮೊದಲಾದರೆ ರೋಗಿಗಳ ಸೊಂಟ ಹಿಡಿದು ಜರುಗಿಸಬೇಕಿತ್ತು. ಈಗ ಯಾರನ್ನೂ ಮುಟ್ಟಬೇಕಾಗಿಲ್ಲ. ಆದರೂ ಬುಕೆನ್ಯನಿಗೆ ನೆಮ್ಮದಿಯಿಲ್ಲ. ಪ್ರತಿ ಸ್ಕ್ಯಾನಿನ ಕೊನೆಗೆ ಪರದೆಯ ಮೂಲೆಯಲ್ಲಿ ಬರುವ ವಿಕಿರಣದ ಅಂಕಿಯನ್ನು ಅವನು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದ. ಬೇಯಿಸಿದ ಬಾಳೆಕಾಯಿಯ ಮಟೋಕೆ ತಿನ್ನುತ್ತ ತಿನ್ನುತ್ತ ಕೈ ನಿಲ್ಲಿಸಿ, ಆ ಸಣ್ಣ ಹುಡುಗಿಗೆ ಇನ್ನೂ ಸ್ವಲ್ಪ ಕಡಿಮೆ ಮಾಡಬಹುದಿತ್ತಲ್ಲ ಎಂದು ಯೋಚಿಸುತ್ತಿದ್ದ. ಆಗ ಹೆಂಡತಿ ತಿಯೊಪಿಸ್ತ, 'ಉಪ್ಪು ಜಾಸ್ತಿಯಾಯ್ತಾ?' ಎಂದು ಕೇಳುತ್ತಿದ್ದಳು.

ಹೊರಗೆ ಚಕ್ರದ ಮಂಚ ಬಂದ ಸದ್ದಾಯಿತು. ಡಾಕ್ಟರ್ ಒಪೊಲೊಟ್ ಒಳಗೆ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟರು. 'ಅರವತ್ತೆಂಟು ವರ್ಷ. ನಿನ್ನೆಯಿಂದ ಉಸಿರಾಟದ ತೊಂದರೆ, ಒಂದು ಕಾಲು ಊದಿದೆ. ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಡೈ ಕೊಟ್ಟು ಬೇಗ ನೋಡಪ್ಪ. ದೊಡ್ಡ ಗಡ್ಡೆಯಾಗಿದ್ದರೆ ಸಂಜೆಯವರೆಗೆ ಕಾಯೋದಿಲ್ಲ ಅದು.' ಬುಕೆನ್ಯ ಚೀಟಿ ಓದಿದ. ಮೊದಲ ಸಾಲಿನಲ್ಲಿ ಹೆಸರಿತ್ತು. ಹತ್ತೊಂಬತ್ತು ವರ್ಷಗಳಿಂದ ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿರದ ಹೆಸರು. ಚೀಟಿಯನ್ನು ಮೆಲ್ಲಗೆ ಬೋರಲು ಹಾಕಿದ.

'ಏನಾಯ್ತು?'

'ಡಾಕ್ಟರ್, ಇದು... ನನ್ನ ಹೆಂಡತಿಯ ಮನೆ ಕಡೆಯವರು.'

'ಯಾರು?'

'ಹೆಂಡತಿಯನ್ನ ಹೆತ್ತವರು.'

ಒಪೊಲೊಟ್ ಪೂರ್ವದ ತೇಸೊ ಕಡೆಯವರು, ದೊಡ್ಡ ಹೊಟ್ಟೆ, ದೊಡ್ಡ ನಗು. 'ಅತ್ತೆ ಅನ್ನೋಕೂ ನಾಲಿಗೆ ಹೊರಳೋದಿಲ್ಲವಾ? ನಮ್ಮಲ್ಲೂ ಅತ್ತೆ ಕಂಡ್ರೆ ಓಡ್ತೀವಪ್ಪ. ಆದ್ರೆ ಆಕೆಗೆ ಉಸಿರು ಸಿಕ್ಕದೆ ಇದ್ದಾಗ ಅಲ್ಲ.'

'ಸ್ಸಾಲಿ ಇದ್ದಿದ್ದರೆ...'

'ಸ್ಸಾಲಿ ಕಂಪಾಲಾದಲ್ಲಿ ಇದೇ ಯಂತ್ರದ ತರಬೇತಿಗೆ ಹೋಗಿದ್ದಾನೆ, ಶುಕ್ರವಾರ ಬರ್ತಾನೆ. ಗುಂಡಿ ಒತ್ತೋ ಲೈಸೆನ್ಸು ನಿನ್ನ ಹತ್ತಿರ ಮಾತ್ರ ಇದೆ. ಒತ್ತು.'

ಡಾಕ್ಟರು ವಾರ್ಡಿಗೆ ಹೊರಟುಹೋದರು. ಬುಕೆನ್ಯ ಗಾಜಿಗೆ ಕಟ್ಟಿದ್ದ ಬಟ್ಟೆಯ ಪರದೆಯನ್ನು ಅರ್ಧ ಎಳೆದು ಕುರ್ಚಿಯಲ್ಲಿ ತಗ್ಗಿ ಕೂತ. ಅತ್ತೆಯನ್ನು ಮುಟ್ಟಬಾರದು, ಎದುರು ನಿಲ್ಲಬಾರದು, ಮುಖವಿಟ್ಟು ನೋಡಬಾರದು. ಇದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಬಿಸಿ ಮುಟ್ಟಬಾರದು ಎಂಬುದನ್ನು ಯಾರಾದರೂ ಕಲಿಸುತ್ತಾರೆಯೆ? ಹೆಣ್ಣು ಕೇಳುವ ಶಾಸ್ತ್ರದ ದಿನ ಆಕೆಯ ಬೆನ್ನು ಕಂಡಿತ್ತು, ಅಷ್ಟೆ. ಆಮೇಲೆ ಒಮ್ಮೆ ನ್ಯೆಂಡೊ ಮಾರುಕಟ್ಟೆಯಲ್ಲಿ ಆಕೆ ಎದುರಿಗೆ ಬರುತ್ತಿರುವುದನ್ನು ಕಂಡು ಓಡುವ ಬಾಡಿಗೆಯ ಬೋಡಾ ಬೈಕಿನಿಂದಲೇ ಬಾಳೆಗೊನೆಗಳ ರಾಶಿಗೆ ಹಾರಿದ್ದ. ಮಾರುವವಳು ಬೈಯಲು ಬಾಯಿ ತೆರೆದವಳು, ದಾಟಿ ಹೋಗುತ್ತಿದ್ದ ಮುದುಕಿಯನ್ನು ನೋಡಿ, 'ಓ, ಅತ್ತೆಯಾ? ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಮಲಗಿರು' ಅಂದಿದ್ದಳು. ಫೋನಿನಲ್ಲಿ ಮಾತಾಡಬಹುದು, ಫೋನಿಗೆ ಮುಖವಿಲ್ಲ. ಹಬ್ಬಹುಣ್ಣಿಮೆಗೆ ಮಾತಾಡಿದ್ದ. ಈಗ ಅದೇ ಅತ್ತೆಯ ಚರ್ಮ, ಎಲುಬು, ಹೃದಯ ಎಲ್ಲವನ್ನೂ ಅರ್ಧ ಮಿಲಿಮೀಟರಿನ ಚೂರುಗಳಾಗಿ ನೋಡಬೇಕು. ಒಳಗಿನದನ್ನು ನೋಡಬಾರದೆಂದು ಹಿರಿಯರು ಹೇಳಿರಲಿಲ್ಲ ನಿಜ. ಅವರಿಗೆ ಅಂಥ ಪ್ರಸಂಗ ಹೊಳೆದಿರಲಿಲ್ಲ.

ಇನ್ನೂ ಒಂದು ಸಂಕಟ ಗೋಡೆಯ ಮೇಲೆಯೇ ಇತ್ತು. 'ಯಂತ್ರ ನಡೆಸುವವರು ಸ್ವತಃ ರೋಗಿಯ ಎದುರು ನಿಂತು ಹೆಸರು, ಹುಟ್ಟಿದ ವರ್ಷ ಕೇಳತಕ್ಕದ್ದು.' ಅದನ್ನು ಬರೆದು ಅಂಟಿಸಿದವನು ಬುಕೆನ್ಯನೇ. ಎರಡು ವರ್ಷದ ಹಿಂದೆ ತಲೆನೋವಿಗೆಂದು ಬಂದ ಒಬ್ಬನ ಹೊಟ್ಟೆಯನ್ನು ಸ್ಕ್ಯಾನ್ ಮಾಡಿಬಿಟ್ಟಿದ್ದ. ಅದೇ ಹೆಸರಿನ ಇನ್ನೊಬ್ಬ ಹೊರಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಮೊದಲನೆಯವನು ಹೊಟ್ಟೆ ಚೆನ್ನಾಗಿದೆಯೆಂದು ತಿಳಿದು ಕೈಕುಲುಕಿ ಸಂತೋಷದಿಂದಲೇ ಹೋಗಿದ್ದ. ಆ ಕೈಕುಲುಕು ಬುಕೆನ್ಯನನ್ನು ಆರು ತಿಂಗಳು ಚುಚ್ಚಿತ್ತು.

'ಸಿಸ್ಟರ್, ನೀವೇ ಕೇಳ್ತೀರಾ?' ಎಂದ.

ಸಿಸ್ಟರ್ ನಜ್ಜುಮ ಗೋಡೆಯ ಕಡೆ ನೋಡಿದಳು, ಅವನ ಕಡೆ ನೋಡಿದಳು. 'ಸ್ವತಃ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೀರಿ, ಸಾರ್. ಎರಡು ಗೆರೆ ಬೇರೆ ಎಳೆದಿದ್ದೀರಿ.'

'ಇದೊಂದು ಸಲ.'

ಅವಳು ಒಳಗೆ ಹೋಗಿ, ಮಂಚದ ಬಳಿ ಮೊಣಕಾಲೂರಿ, ರಾತ್ರಿ ಹೇಗಿತ್ತು, ಮನೆಯವರು ಹೇಗಿದ್ದಾರೆ ಎಂದು ಕ್ರಮವಾಗಿ ಕೇಳಿ, ಆಮೇಲೆ ಹೆಸರು ಕೇಳಿದಳು. ಮೈಕಿನಲ್ಲಿ ಎಲ್ಲ ಕೇಳಿಸುತ್ತಿತ್ತು. ಏದುಸಿರಿನ ನಡುವೆಯೂ ಆಕೆಯ ದನಿ ಗಡುಸಾಗಿತ್ತು. 'ನಬಕೂಜ. ಈ ಗಾಜಿನ ಹಿಂದೆ ಯಾರಿದ್ದಾರೆ ಮಗಳೇ? ನನ್ನ ಅಳಿಯ ಇಂಥದೇ ಕಡೆ ಕೆಲಸ ಮಾಡ್ತಾನೆ. ಅವನಲ್ಲ ತಾನೆ?'

ಬುಕೆನ್ಯ ಕುರ್ಚಿಯಿಂದ ಇಳಿದು ಮೇಜಿನ ಕೆಳಗೆ ಕೂತ. ನಜ್ಜುಮ ಒಂದು ಕ್ಷಣವೂ ತಡವರಿಸಲಿಲ್ಲ. 'ಇಲ್ಲಮ್ಮ. ಅವನು ಚೀನಾದವನು. ಯಂತ್ರ ಕೂರಿಸೋಕೆ ಬಂದವನು ಇನ್ನೂ ಹೋಗಿಲ್ಲ.'

'ದೇವರು ದೊಡ್ಡವನು. ಚೀನಾದವನಾದ್ರೆ ಪರವಾಗಿಲ್ಲ.'

ಮೇಜಿನ ಕೆಳಗಿನಿಂದ ಎದ್ದಾಗ ಬುಕೆನ್ಯನಿಗೆ ಹೆದರಿಕೆಗಿಂತ ಹೆಚ್ಚಾಗಿ ಸಣ್ಣ ಅವಮಾನವಾಯಿತು. ಹದಿನಾಲ್ಕು ವರ್ಷದ ಅನುಭವ, ಮೂರು ಸರ್ಟಿಫಿಕೇಟು, ಕೊನೆಗೆ ಚೀನಾದವನಾಗಿ ಪಾರಾಗಬೇಕಾಯಿತು. ಆಕೆಯನ್ನು ಯಂತ್ರದ ಮೇಜಿನ ಮೇಲೆ ಮಲಗಿಸಿದರು. ಅವನು ಕಣ್ಣನ್ನು ಪರದೆಯ ಅಂಕಿಗಳ ಮೇಲೇ ಇಟ್ಟು ಕ್ಯಾಮೆರಾದ ಗುಂಡಿ ಒತ್ತಿದ. ಯಂತ್ರ ಅಳೆಯಿತು, ಅಂಕಿ ಬಂತು. ಎಮ್ಮೆಗೆ ಕೊಡುವಷ್ಟು ವಿಕಿರಣ. ಆಕೆ ಆಸ್ಪತ್ರೆಗೆಂದು ಒಳ್ಳೆಯ ಗೋಮೆಸಿಯನ್ನೇ ಉಟ್ಟು ಬಂದಿದ್ದಳು: ಭುಜದ ಮೇಲೆ ಎರಡು ಚೂಪು ಗೋಪುರ, ಸೊಂಟಕ್ಕೆ ದಿಂಬಿನಷ್ಟು ದಪ್ಪದ ಪಟ್ಟಿ, ಕೆಳಗೆ ಎರಡು ಸುತ್ತು ದಪ್ಪ ಬಟ್ಟೆ. ಎಲ್ಲಿಯೋ ದೂರದ ಊರಿನಲ್ಲಿ, ಗೋಮೆಸಿಯನ್ನೇ ಕಾಣದ ಜನ ಕಲಿಸಿದ ಕ್ಯಾಮೆರಾ ಅದನ್ನೆಲ್ಲ ಮೈ ಎಂದೇ ತಿಳಿದಿತ್ತು. ಹೀಗಾದಾಗ ಬಟ್ಟೆ ತೆಗೆಸುವುದೇ ಅವನ ದಿನನಿತ್ಯದ ಕೆಲಸ. ನಾಚದೆ, ಅಜ್ಜಿಯರಿಗೆ ತಮಾಷೆ ಮಾಡುತ್ತ ಹೇಳುತ್ತಿದ್ದ. ಈಗ ನಜ್ಜುಮಳ ಮೂಲಕ ಹೇಳಿಕಳಿಸಿದ.

'ಗೋಮೆಸಿ ಬಿಚ್ಚಬೇಕಂತಮ್ಮ' ಎಂದಳು ನಜ್ಜುಮ.

'ಎಲುಬಿನ ಒಳಗೆ ನೋಡೋ ಯಂತ್ರಕ್ಕೆ ಬಟ್ಟೆಯೊಳಗೆ ನೋಡೋಕಾಗಲ್ವಾ?'

'ಬಟ್ಟೆಗೂ ಸೇರಿಸಿ ಕಿರಣ ಜಾಸ್ತಿ ಕೊಡುತ್ತಂತೆ.'

'ಕೊಡಲಿ. ಪರಗಂಡಸಿನ ಎದುರು, ಅದೂ ಚೀನಾದಿಂದ ಬಂದವನ ಎದುರು ಬಿಚ್ಚಿದೆ ಅಂತ ಚರ್ಚಿನಲ್ಲಿ ಮಾತಾಗೋದಕ್ಕಿಂತ ಅದೇ ವಾಸಿ.'

ಬುಕೆನ್ಯನ ಬೆರಳು ಗುಂಡಿಯ ಮೇಲಿತ್ತು. ಇದು ಮೊದಲ ಚಿತ್ರ ಮಾತ್ರ, ಎದೆ ಎಲ್ಲಿದೆಯೆಂದು ನೋಡಲು. ಇದರಲ್ಲಿ ಕಿರಣ ತೀರ ಕಡಿಮೆ. ಆಮೇಲೆ ಸರಿಮಾಡಿದರಾಯಿತು ಎಂದು ತನಗೆ ತಾನೇ ವಕೀಲನಾಗಿ ವಾದಿಸಿ ಒತ್ತಿಬಿಟ್ಟ. ಆಗ ಯಂತ್ರ ಮಾತಾಡಿತು. ಅದಕ್ಕೆ ಲುಗಾಂಡಾ ಕಲಿಸಿದವನು ತಾನೇ ಎಂಬುದು ಅವನಿಗೆ ಮರೆತೇಹೋಗಿತ್ತು. ಮಾರ್ಚಿನಲ್ಲಿ ಇಂಜಿನಿಯರು ಮೈಕು ಹಿಡಿದು ಕೇಳಿದಾಗ, ಚರ್ಚಿನಲ್ಲಿ ವಾಚನ ಮಾಡುವ ದನಿಯಲ್ಲಿ ಎಲ್ಲವನ್ನೂ ಓದಿಕೊಟ್ಟಿದ್ದ. ಈಗ ಅವನದೇ ದನಿ ಆಚೆ ಕೋಣೆಯಲ್ಲಿ ಮೊಳಗಿತು: 'ದಯವಿಟ್ಟು ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಧನ್ಯವಾದ, ಈಗ ಬಿಡಿ.'

ಆಕೆ ಹಿಡಿದಳು, ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ, 'ಚೀನಾದವನು ನಮ್ಮ ಮಾತನ್ನ ಚೆನ್ನಾಗಿ ಕಲ್ತಿದ್ದಾನೆ' ಎಂದಳು. 'ಕ್ಯೊಟೆರಾ ಕಡೆಯವನ ಹಾಗೆ ಎಳೀತಾನೆ.'

ಬುಕೆನ್ಯನ ಊರು ಕ್ಯೊಟೆರಾ. ಪರದೆಯಲ್ಲಿ ಚಿತ್ರ ಬಂತು. ಶ್ವಾಸಕೋಶ ಕಾಣಬೇಕಾದಲ್ಲಿ ಏಳು ಬೀಗದ ಕೈಗಳ ಗೊಂಚಲು, ಒಂದು ಜಪಮಾಲೆ, ಮೂರು ದೊಡ್ಡ ಪಿನ್ನು. ಎಲ್ಲವೂ ಸೊಂಟದ ಪಟ್ಟಿಯಿಂದ ಮೇಲೆ, ಎದೆಯ ಹತ್ತಿರ ಗಂಟು ಹಾಕಿದ್ದವು. ತಾನು ಎದುರು ನಿಂತು ಒಮ್ಮೆ ನೋಡಿದ್ದರೆ ಸಾಕಿತ್ತು. ಉಸಿರಿಗೆ ಒದ್ದಾಡುವ ಮುದುಕಿಗೆ ವ್ಯರ್ಥವಾಗಿ ಕಿರಣ ಕೊಟ್ಟು ಆಕೆಯ ಉಗ್ರಾಣದ ಬೀಗದ ಕೈಗಳ ಚಿತ್ರ ತೆಗೆದ ಹಾಗಾಯಿತು. ಒಂದೆರಡು ದಿನ ಬಿಸಿಲಲ್ಲಿ ಓಡಾಡಿದಷ್ಟೇ ಎಂದು ರೋಗಿಗಳಿಗೆ ಹೇಳುವ ಸಮಾಧಾನವನ್ನು ತನಗೇ ಹೇಳಿಕೊಂಡ. ಹಿಡಿಯಲಿಲ್ಲ. ತಿಯೊಪಿಸ್ತ, ನಿನ್ನ ತಾಯಿಗೆ ಎರಡು ದಿನದ ಬಿಸಿಲನ್ನು ನಾನು ಸುಮ್ಮನೆ ಕೊಟ್ಟೆ.

ಬೀಗದ ಕೈಗಳ ಸುದ್ದಿ ತಿಳಿದು ಆಕೆ ಬೆಚ್ಚಿದಳು. ಯಾವ ಕೈ ಯಾವ ಪೆಟ್ಟಿಗೆಯದೆಂದೂ ಚೀನಾದವನಿಗೆ ಗೊತ್ತಾಗುತ್ತದೆಯೆ ಎಂದು ಕೇಳಿದಳು. ಗೊತ್ತಾಗುತ್ತದೆಂದು ನಜ್ಜುಮ ನಿಸ್ಸಂಕೋಚವಾಗಿ ಹೇಳಿದಳು. ಗೋಮೆಸಿ ಬಿಚ್ಚಿತು, ಆಕೆಗೆ ಆಸ್ಪತ್ರೆಯ ಹಸಿರು ಬಟ್ಟೆ, ಮೇಲೆ ಬಿಳಿ ಹೊದಿಕೆ. ಕ್ಯಾಮೆರಾ ಮತ್ತೆ ನೋಡಿ ಮೇಜನ್ನು ನಾಲ್ಕು ಬೆರಳು ಏರಿಸಿತು. ಅಂಕಿ ಅರ್ಧಕ್ಕಿಂತ ಕೆಳಗಿಳಿಯಿತು. ಅಷ್ಟು ಸಣ್ಣ ಹೆಂಗಸೆ ಈಕೆ? ಹತ್ತೊಂಬತ್ತು ವರ್ಷ ತಾನು ಹೆದರಿ ಓಡಿದ್ದು ಬಹಳ ಮಟ್ಟಿಗೆ ಬಟ್ಟೆಗೆ.

ನಜ್ಜುಮ ತೋಳಿನ ನಾಳಕ್ಕೆ ಸೂಜಿ ಸೇರಿಸಿ, ರಕ್ತನಾಳಗಳನ್ನು ಚಿತ್ರದಲ್ಲಿ ಬೆಳ್ಳಗೆ ತೋರಿಸುವ ಡೈಯ ಕೊಳವೆ ಜೋಡಿಸಿದಳು. ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನು ಕೇಳಿದಳು: ಸಕ್ಕರೆ ಕಾಯಿಲೆ ಇಲ್ಲ, ಮೂತ್ರಪಿಂಡದ ತೊಂದರೆ ಇಲ್ಲ. 'ಮುಂಚೆ ಇಂಥ ಔಷಧಿ ಕೊಟ್ಟಾಗ ಮೈ ತುರಿಕೆ, ಊತ ಏನಾದ್ರೂ?'

'ಇಲ್ಲ.'

ಬುಕೆನ್ಯ ಇಲ್ಲವೆಂದು ಗುರುತು ಹಾಕಲು ಹೊರಟವನು ನಿಂತ. ಮಿಡತೆ. ಐದು ವರ್ಷದ ಹಿಂದೆ, ನವೆಂಬರಿನಲ್ಲಿ, ಆಕೆ ಕಂಪಾಲಾಕ್ಕೆ ಹೋಗಿ ಬಂದಾಗ ಮುಖ ಬಾತುಕೊಂಡು, ತುಟಿ ಎರಡರಷ್ಟಾಗಿತ್ತು. ಹುರಿದ ಮಿಡತೆ ತಿಂದದ್ದರಿಂದ ಹೀಗಾಯಿತೆಂದು ಊರಿಗೆಲ್ಲ ಹೇಳಿದ್ದಳು. ಅಂದಿನಿಂದ ಮಿಡತೆ ಮುಟ್ಟಿರಲಿಲ್ಲ. ಮಸಾಕದಲ್ಲಿ ಹುಟ್ಟಿ ನವೆಂಬರಿನಲ್ಲಿ ಮಿಡತೆ ತಿನ್ನದೆ ಇರುವುದು ಸನ್ಯಾಸ ತೆಗೆದುಕೊಂಡ ಹಾಗೆ. ಆದರೆ ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ ತಿಯೊಪಿಸ್ತ ಹೇಳಿದ್ದಳು: 'ಯಾರಿಗೂ ಹೇಳ್ಬೇಡಿ, ಅಮ್ಮ ಕಂಪಾಲಾಕ್ಕೆ ಹೋಗಿದ್ದು ಆಸ್ಪತ್ರೆಗೆ. ಹೊಟ್ಟೆಯಲ್ಲಿ ಗಡ್ಡೆ ಇದೆಯಾ ಅಂತ ಏನೋ ಫೋಟೋ ತೆಗೆಸೋಕೆ. ಇರಲಿಲ್ಲವಂತೆ.' ಆಗ ಅವನು ತಲೆಯಾಡಿಸಿ ವಿಕಿರಣದ ಯಾವುದೋ ಅಂಕಿಯ ಯೋಚನೆಯಲ್ಲಿದ್ದ. ಮಿಡತೆಯನ್ನೂ ಫೋಟೋವನ್ನೂ ಕೂಡಿಸಿ ನೋಡಿರಲಿಲ್ಲ. ಈಗ ಅವೆರಡೂ ತಾವಾಗಿಯೇ ಕೂಡಿಕೊಂಡವು. ಆ ಫೋಟೋಗೂ ಇದೇ ಡೈ ಕೊಟ್ಟಿರಬೇಕು. ಡೈಗೆ ಊದಿದ ಮೈ ಎರಡನೆಯ ಸಲ ಬರಿಯ ತುಟಿಗೆ ನಿಲ್ಲದೆ ಗಂಟಲನ್ನೂ ಮುಚ್ಚಬಹುದು.

ಹೇಳಿದರೆ ಆಕೆಗೆ ತಿಳಿಯುತ್ತದೆ. ಈ ಗುಟ್ಟು ಗೊತ್ತಿದ್ದದ್ದು ಮಗಳಿಗೆ, ಅವಳು ಹೇಳಿರುವುದು ಗಂಡನಿಗಲ್ಲದೆ ಇನ್ಯಾರಿಗೆ? ಬರಿಯ ಬಟ್ಟೆಯಲ್ಲಿ ಮಲಗಿದ ಅತ್ತೆ, ಗಾಜಿನ ಹಿಂದೆ ಅಳಿಯ. ಇದು ಬಯಲಾದರೆ ಆಕೆ ಅವಮಾನದಲ್ಲಿ ಎದ್ದು ಹೋಗಿಯೇಬಿಡುತ್ತಾಳೆ, ಗಡ್ಡೆಯ ಸಮೇತ. ಹೇಳದಿದ್ದರೆ? ಹಿಂದಿನದು ಮಿಡತೆಯೇ ಇರಬಹುದು. ಆಕೆಯೇ ಇಲ್ಲವೆಂದಿದ್ದಾಳೆ, ಚೀಟಿಯಲ್ಲಿ ಹಾಗೇ ಬರೆದರೆ ಯಾರೂ ತನ್ನನ್ನು ಕೇಳುವುದಿಲ್ಲ. ಇಷ್ಟು ನೀಚವಾದ ಯೋಚನೆ ಇಷ್ಟು ಅಚ್ಚುಕಟ್ಟಾಗಿ ಬರುತ್ತದಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಡೈ ತಳ್ಳುವ ಯಂತ್ರದ ಹಸಿರು ದೀಪ ಹತ್ತಿ, ತಯಾರು ಎಂದಿತು. ಅವನು ಆ ದೀಪವನ್ನು ಎಷ್ಟು ಹೊತ್ತು ನೋಡುತ್ತ ಕೂತನೋ. ಅವನ ಪ್ರಕಾರ ಬಹಳ ಹೊತ್ತು. ಗೋಡೆಯ ಗಡಿಯಾರದ ಪ್ರಕಾರ ಇಪ್ಪತ್ತು ಸೆಕೆಂಡು. ಆಮೇಲೆ ಕೆಂಪು ಗುಂಡಿ ಒತ್ತಿ ಅದನ್ನು ನಿಲ್ಲಿಸಿ, ನಜ್ಜುಮಳನ್ನು ಈಚೆ ಕರೆದು ಕಿವಿಯಲ್ಲಿ ಹೇಳಿದ.

ಅವಳು ಒಳಗೆ ಹೋದಳು. 'ಅಮ್ಮ, ಐದು ವರ್ಷದ ಹಿಂದೆ ಕಂಪಾಲಾದಲ್ಲಿ ಹೊಟ್ಟೆ ಫೋಟೋ ತೆಗೆಸಿದ ಮೇಲೆ ಮುಖ ಊದಿತ್ತಾ?'

'ಯಾರು ಹೇಳಿದ್ದು?'

'ಕಂಪ್ಯೂಟರಿನಲ್ಲಿದೆ.'

'ಸುಳ್ಳು. ಅಲ್ಲಿ ಬೇರೆ ಹೆಸರು ಕೊಟ್ಟಿದ್ದೆ ನಾನು.'

ನಜ್ಜುಮ ಗಾಜಿನ ಕಡೆ ತಿರುಗಿದಳು. ಅವಳ ಸುಳ್ಳಿನ ಚೀಲ ಖಾಲಿಯಾಗಿತ್ತು. ಆಕೆ ಹೊದಿಕೆಯನ್ನು ಮೆಲ್ಲಗೆ ಎಳೆದು ಮುಖದ ಮೇಲೆ ಪೂರ್ತಿ ಹೊದ್ದುಕೊಂಡಳು. ಬುಕೆನ್ಯ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಗಾಜಿನ ಎರಡು ಕಡೆಯೂ ಮುಖಗಳಿಲ್ಲ, ನಡುವೆ ಮೂವತ್ತು ಲಕ್ಷ ಡಾಲರಿನದೆಂದು ಅವನು ಜಂಬ ಕೊಚ್ಚುತ್ತಿದ್ದ, ನಿಜವಾದ ಬೆಲೆ ಗೊತ್ತಿಲ್ಲದ ಆ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಎದ್ದು ಹೋಗುತ್ತಾಳೆ, ಈಗ ಎದ್ದು ಹೋಗುತ್ತಾಳೆ ಎಂದು ಅವನು ಎಣಿಸಿದ.

ಹೊದಿಕೆಯೊಳಗಿನಿಂದ ದನಿ ಬಂತು. 'ಮಗಳೇ, ಆ ಚೀನಾದವನಿಗೆ ಹೇಳು.'

'ಹೇಳಿ ಅಮ್ಮ.'

'ಮಿಡತೆಯಲ್ಲ ಅಂತ ಹೇಳು. ಸೂಜಿ ಚುಚ್ಚಿ ಹತ್ತು ನಿಮಿಷಕ್ಕೇ ಊದಿತು. ನನಗೂ ಗೊತ್ತಿತ್ತು. ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾದ್ರೆ ಜನ ಒಂದೊಂದು ಕಥೆ ಕಟ್ಟುತ್ತಾರೆ, ಅದಕ್ಕೆ ಮಿಡತೆ ಅಂದೆ. ಚೀನಾದವರು ಊರಲ್ಲಿ ಮಾತಾಡಲ್ಲ ತಾನೆ?'

ನಜ್ಜುಮ ಗಾಜಿನ ಕಡೆ ನೋಡಿದಳು. ಬುಕೆನ್ಯ ಜೋರಾಗಿ ತಲೆಯಾಡಿಸಿದ. 'ಮಾತಾಡಲ್ವಂತೆ ಅಮ್ಮ.'

ಡಾಕ್ಟರ್ ಒಪೊಲೊಟ್ ಬಂದು ಕೇಳಿಸಿಕೊಂಡು, ಈ ಸಲ ನಗಲಿಲ್ಲ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಈಗಲೇ ಶುರುಮಾಡಿ, ಅಲರ್ಜಿ ತಡೆಯುವ ಔಷಧಿ ಕೊಟ್ಟು, ಅದು ಮೈಗೆ ಹಿಡಿಯಲು ಐದು ಗಂಟೆ ಬಿಟ್ಟು ಮೂರಕ್ಕೆ ಸ್ಕ್ಯಾನ್ ಮಾಡುವುದೆಂದರು. ಹೋಗುವಾಗ ಬುಕೆನ್ಯನ ಭುಜ ತಟ್ಟಿ, 'ಐದು ಗಂಟೆ ಕಾಯೋದು ಅಪಾಯ. ಕಾಯದೆ ಇದ್ದಿದ್ದರೆ ಇನ್ನೂ ಅಪಾಯ' ಎಂದರು. ಅವರ ಮಟ್ಟಿಗೆ ಅದು ಹೊಗಳಿಕೆ. ಮಧ್ಯಾಹ್ನ ತಿಯೊಪಿಸ್ತಳ ಫೋನು ಬಂತು. ಅವಳು ಅಳುತ್ತಲೂ ಇದ್ದಳು, ವಿಚಾರಣೆಯನ್ನೂ ಮಾಡುತ್ತಿದ್ದಳು.

'ಅಮ್ಮನ್ನ ನೋಡಿದ್ರಾ?'

'ಇಲ್ಲ.'

'ಹೇಗಿದ್ದಾಳೆ?'

'ನೋಡಿಲ್ಲ ಅಂದೆನಲ್ಲ.'

'ಒಳ್ಳೆಯದು. ನೋಡ್ಬೇಡಿ. ಆದ್ರೆ ಚೆನ್ನಾಗಿ ನೋಡ್ಕೊಳ್ಳಿ.'

ಮೂರು ಗಂಟೆಗೆ ಡೈ ಹರಿಯಿತು. ಮೈಯೆಲ್ಲ ಬಿಸಿಯಾಗುತ್ತದೆ, ಉಚ್ಚೆ ಹೋದ ಹಾಗೆ ಅನ್ನಿಸುತ್ತದೆ, ಆದರೆ ಹೋಗಿರುವುದಿಲ್ಲ ಎಂದು ಮೊದಲೇ ಹೇಳಬೇಕು, ನಜ್ಜುಮ ಹೇಳಿದಳು. 'ಚೀನಾದವನಿಗೆ ಹೇಳು, ನನಗೆ ಹಾಗೇನೂ ಅನ್ನಿಸಲಿಲ್ಲ' ಎಂದು ಆಕೆ ಹೊದಿಕೆಯೊಳಗಿಂದಲೇ ವರದಿ ಕೊಟ್ಟಳು. ಯಂತ್ರ ಅವನ ದನಿಯಲ್ಲಿ ಉಸಿರು ಹಿಡಿಯಲು ಬೇಡಿಕೊಂಡಿತು. ಹಳೆಯದರಲ್ಲಿ ಹದಿನೈದು ಸೆಕೆಂಡು ಹಿಡಿಯಬೇಕಿತ್ತು, ಆಕೆಯ ಕೈಲಿ ಆಗುತ್ತಿರಲಿಲ್ಲ. ಇದು ಎರಡರಲ್ಲಿ ಮುಗಿಸಿತು. ಪರದೆಯಲ್ಲಿ ಹೃದಯ ಮೂಡಿತು, ಅದರಿಂದ ಕವಲೊಡೆದ ಬೆಳ್ಳಗಿನ ನಾಳಗಳು. ಬಲಗಡೆಯ ಒಂದು ನಾಳದಲ್ಲಿ ಬಿಳುಪಿನ ನಡುವೆ ಬೂದುಬಣ್ಣದ ಗಡ್ಡೆ, ಅಕ್ಕಿಕಾಳಿನಷ್ಟಲ್ಲ, ಹುರುಳಿಕಾಯಿಯಷ್ಟು. ಅವನು ಕಂಡ ಮರುಗಳಿಗೆಯಲ್ಲೇ ಕಂಪ್ಯೂಟರು ಅದರ ಸುತ್ತ ಕೆಂಪು ಚೌಕ ಹಾಕಿತು. ತನ್ನ ಜಾಣತನಕ್ಕೆ ತಾನೇ ಹಿಗ್ಗಿ, ಏನೂ ಇಲ್ಲದ ಒಂದು ಪಕ್ಕೆಲುಬಿಗೂ ಹಾಕಿತು. ಅತ್ತೆಯ ಹೃದಯವನ್ನು ನೋಡುತ್ತಿದ್ದೇನೆ ಎಂದುಕೊಂಡ. ಏನೂ ಆಗಲಿಲ್ಲ. ನಾಚಿಕೆ ಬರಲಿಲ್ಲ. ಹೃದಯ ಯಾರದಾದರೂ ಆಗಬಹುದು.

ಡಾಕ್ಟರರಿಗೆ ಫೋನು ಮಾಡಿ ಹೇಳಿದ. ಔಷಧಿಯ ಅಳತೆ ಸರಿಮಾಡಿಸಲು ನಜ್ಜುಮಳನ್ನು ವಾರ್ಡಿಗೆ ಬರಹೇಳಿದರು. ಊತ ತಡೆಯುವ ಮದ್ದಿನ ಸಿರಿಂಜನ್ನು ತಟ್ಟೆಯಲ್ಲಿ ತಯಾರಾಗಿಟ್ಟು ಅವಳು ಹೊರಟಾಗಲೇ ಅವನಿಗೆ ಹೊಳೆದದ್ದು: ಡೈ ಕೊಟ್ಟ ಮೇಲೆ ಅರ್ಧ ಗಂಟೆ ಯಾರಾದರೂ ರೋಗಿಯ ಮುಖವನ್ನು ಬಿಡದೆ ನೋಡುತ್ತಿರಬೇಕು. ತುಟಿ, ಕಣ್ಣಿನ ರೆಪ್ಪೆ, ಕೆನ್ನೆ. ಮೊದಲು ಊದುವುದು ಅವೇ. ಐದು ಗಂಟೆಯ ಔಷಧಿ ಸಾಲದೆ ಹೋದರೆ ತಿಳಿಯುವುದು ಮುಖದಲ್ಲೇ.

ಮುಖದ ಮೇಲೆ ಹೊದಿಕೆ ಇತ್ತು. ಒಂದು ನಿಮಿಷ ಹೋಯಿತು. ಹೊದಿಕೆ ಏರುತ್ತಿದೆ, ಇಳಿಯುತ್ತಿದೆ, ಉಸಿರಿದೆ; ಅಷ್ಟು ಸಾಲದೆ? ಸಾಲದು. ಎರಡು ನಿಮಿಷ. ಅವನು ಮೈಕಿನ ಗುಂಡಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ವಾಚನದ ದನಿ ಬರಲಿಲ್ಲ. ಎಳೆಯ ಹುಡುಗನ ಹಾಗೆ ಒಡೆದ ದನಿ ಬಂತು.

'ಅಮ್ಮ. ತುಟಿ ಊದುತ್ತಾ ಅಂತ ನೋಡಬೇಕು. ಅರ್ಧ ಗಂಟೆ. ಇಲ್ಲಿ ಬೇರೆ ಯಾರೂ ಇಲ್ಲ.'

ಹೊದಿಕೆ ಅಲುಗಲಿಲ್ಲ.

'ಕ್ಷಮಿಸಿ ಅಮ್ಮ. ನೋಡದೆ ಇರೋಕಾಗಲ್ಲ.'

ಹೊದಿಕೆಯ ಅಂಚಿನಲ್ಲಿ ಬೆರಳುಗಳು ಕಂಡವು. ಅವು ಅಂಚನ್ನು ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಇಳಿಸಿದವು. ಆಮೇಲೆ ಆಕೆ ತಲೆಯನ್ನು ಗಾಜಿನ ಕಡೆಗೇ ತಿರುಗಿಸಿದಳು, ಚೆನ್ನಾಗಿ ಕಾಣಲಿ ಎಂಬಂತೆ. ಕಣ್ಣು ಮುಚ್ಚಿತ್ತು. ಬುಕೆನ್ಯ ನೋಡಿದ. ತಿಯೊಪಿಸ್ತಳ ಮೂಗಿನ ಮೂಲ ಎಲ್ಲಿಯದೆಂದು ಹತ್ತೊಂಬತ್ತು ವರ್ಷಕ್ಕೆ ತಿಳಿಯಿತು. ಎಡ ಹುಬ್ಬಿನ ಮೇಲೊಂದು ಹಳೆಯ ಗಾಯದ ಕಲೆ. ಅದರ ಕಥೆಯನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಮೇಲ್ದುಟಿ ಒಮ್ಮೆ ದಪ್ಪಗಾದಂತೆ ಕಂಡು ಅವನು ಕುರ್ಚಿಯಿಂದ ಎದ್ದು ಬಾಗಿಲವರೆಗೂ ಓಡಿದ. ಆಕೆ ತುಟಿಯೊಳಗೆ ನಾಲಿಗೆ ಆಡಿಸುತ್ತಿದ್ದಳು, ಅಷ್ಟೆ, ಬಾಯಿ ಒಣಗಿತ್ತು. ವಾಪಸು ಬಂದು ಕೂತ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಇಷ್ಟು ಹೊತ್ತು ಯಾರ ಮುಖವನ್ನಾದರೂ, ಹೆಂಡತಿಯದನ್ನಾದರೂ, ಹೀಗೆ ನೋಡಿದ್ದೇನೆಯೆ ಎಂದು ಯೋಚಿಸಲು ಹೊರಟು, ಯೋಚಿಸಿದರೆ ನೋಟ ತಪ್ಪೀತೆಂದು ಅದನ್ನೂ ಬಿಟ್ಟ. ಅರ್ಧ ಗಂಟೆಯಾದರೂ ಏನೂ ಊದಲಿಲ್ಲ.

ಆಕೆ ಹನ್ನೊಂದನೆಯ ದಿನ ನಡೆದುಕೊಂಡೇ ಮನೆಗೆ ಹೋದಳು. ಗಡ್ಡೆ ಕರಗುತ್ತ ಬಂದಿತ್ತೆಂದು ಡಾಕ್ಟರು ಹೇಳಿದರು, ಅದು ನನಗೆ ಗೊತ್ತಿದೆ. ಹೋಗುವಾಗ ನನ್ನ ಮೇಜಿನ ಮುಂದೆಯೇ ಹಾದುಹೋದಳು, ಅದೂ ಗೊತ್ತಿದೆ. ಗೊತ್ತಿಲ್ಲದ್ದು ಒಂದೇ. ಆ ಅರ್ಧ ಗಂಟೆಯ ನಡುವೆ ಎಲ್ಲೋ ಒಂದು ಕಡೆ ಆಕೆಯ ರೆಪ್ಪೆ ಒಂದು ಎಳೆಯಷ್ಟು ತೆರೆದಿತ್ತೆಂದು, ಒಳಗೆ ನೀರಿನ ಹಾಗೆ ಏನೋ ಮಿನುಗಿತೆಂದು ಬುಕೆನ್ಯ ಒಮ್ಮೆ ಹೇಳುತ್ತಾನೆ. ಅದು ಮೇಲಿನ ದೀಪದ ಹೊಳಪೆಂದು ಇನ್ನೊಮ್ಮೆ ಹೇಳುತ್ತಾನೆ. ಆಕೆಯೂ ಅವನನ್ನು ನೋಡಿದಳೋ ಇಲ್ಲವೋ, ನನಗೆ ತಿಳಿಯದು.